ಮೊನೆಯೋ, ಮೊಂಡೋ?

ಇಗರ್ಜಿಯ ಗೋಪುರದ ತುದಿಯಲ್ಲಿ ಸಿಡಿಲು ತಡೆಯಲು ನೆಟ್ಟ ಚೂಪು ಕಂಬಿಯನ್ನು ನಾವೆಲ್ಲ ನೋಡಿದ್ದೇವೆ. ಆ ತುದಿ ಚೂಪಾಗಿರಬೇಕೇ ಎಂಬ ಜಗಳಕ್ಕೆ ಇನ್ನೂರೈವತ್ತು ವರ್ಷ ವಯಸ್ಸು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1747ರಲ್ಲಿ ಒಂದು ವಿಷಯ ಗಮನಿಸಿದ. ವಿದ್ಯುದಾವೇಶ ತುಂಬಿದ ಕಬ್ಬಿಣದ ಗುಂಡಿಗೆ ದಬ್ಬಳ ಹಿಡಿದರೆ, ಆರೆಂಟು ಅಂಗುಲ ದೂರದಿಂದಲೇ ಆವೇಶ ಸದ್ದಿಲ್ಲದೆ ಇಳಿದುಹೋಗುತ್ತಿತ್ತು. ಮೊಂಡು ವಸ್ತುವಾದರೆ ಅಂಗುಲದಷ್ಟು ಹತ್ತಿರ ತರಬೇಕು, ಆಗ ಕಿಡಿ ಹಾರುತ್ತಿತ್ತು. ಕಾರಣ ಆಕಾರ. ಒಂದೇ ಬಗೆಯ ಆವೇಶಗಳು ಒಂದನ್ನೊಂದು ದೂಡುತ್ತವೆ. ಗುಂಡಿನ ಮೇಲೆ ಸಮನಾಗಿ ಹರಡುವ ಅವು ಮೊನೆಯಿದ್ದರೆ ಅಲ್ಲಿ ಒತ್ತೊತ್ತಾಗಿ ಸೇರುತ್ತವೆ, ಅಲ್ಲಿ ವಿದ್ಯುತ್ ಕ್ಷೇತ್ರ ವಿಪರೀತ ಬಲವಾಗುತ್ತದೆ. ದೊಡ್ಡ ಗುಂಡಿಗೆ ಅದರ ಹತ್ತನೇ ಒಂದರಷ್ಟು ತ್ರಿಜ್ಯದ ಸಣ್ಣ ಗುಂಡನ್ನು ದೂರದಲ್ಲಿಟ್ಟು ತಂತಿಯಿಂದ ಜೋಡಿಸಿದರೆ, ಸಣ್ಣದರ ಮೈಮೇಲಿನ ಕ್ಷೇತ್ರ ಹತ್ತು ಪಟ್ಟು!

ಮೋಡಕ್ಕೂ ಇದು ಸಲ್ಲುತ್ತದೆಯೇ? 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿ ಗ್ರಾಮದಲ್ಲಿ ಫ್ರಾಂಕ್ಲಿನ್ ಹೇಳಿದಂತೆ ನೆಟ್ಟಿದ್ದ ಚೂಪು ಕಂಬಿಯನ್ನು ಕಾಯುತ್ತಿದ್ದವನು ಕ್ವಾಫಿಯೆ ಎಂಬ ಮಾಜಿ ಸೈನಿಕ. ಗುಡುಗಿದಾಗ ಕಂಬಿಯಿಂದ ಕಿಡಿ ಬಂತು. ಅವನು ಹೇಳಿ ಕಳುಹಿಸಿದ್ದು ಊರಿನ ಧರ್ಮಗುರು ರೋಲೆಯವರಿಗೆ. ಗುರುಗಳು ಆಲಿಕಲ್ಲು ಮಳೆಯಲ್ಲೇ ಓಡಿದರು. ಕ್ವಾಫಿಯೆ ಸತ್ತನೆಂದುಕೊಂಡು ಊರವರೂ ಹಿಂದೆಯೇ ಓಡಿದರು. ರೋಲೆ ತಾವೇ ಕಿಡಿ ತೆಗೆದು, ಕೈಗೆ ಏಟು ತಿಂದು, ಪತ್ರ ಬರೆದಿಟ್ಟರು. ಮರುವರ್ಷ ರಷ್ಯಾದಲ್ಲಿ ಇಂಥದೇ ಪ್ರಯೋಗದಲ್ಲಿ ವಿಜ್ಞಾನಿ ರಿಚ್‌ಮನ್ ಪ್ರಾಣ ಬಿಟ್ಟರು. ಗುರುಗಳ ಧೈರ್ಯದ ಬೆಲೆ ಅದರಿಂದ ತಿಳಿಯುತ್ತದೆ.

ಇಂಗ್ಲೆಂಡಿನ ಬೆಂಜಮಿನ್ ವಿಲ್ಸನ್ ಮಾತ್ರ ಒಪ್ಪಲಿಲ್ಲ. ಮೊನೆ ಸಿಡಿಲನ್ನು ಕರೆಯುತ್ತದೆ, ಗುಂಡುತುದಿಯೇ ಕ್ಷೇಮ ಎಂದ. 1777ರಲ್ಲಿ ಚೂಪು ಕಂಬಿಯಿದ್ದ ಪರ್ಫ್ಲೀಟ್ ಮದ್ದಿನ ಉಗ್ರಾಣದ ಕಟ್ಟಡಕ್ಕೆ ಸಿಡಿಲು ಬಡಿದು ಅಲ್ಪ ಹಾನಿಯಾದಾಗ ಅವನ ಮಾತಿಗೆ ಬಲ ಬಂತು. ಅಮೆರಿಕದೊಂದಿಗೆ ಯುದ್ಧದಲ್ಲಿದ್ದ ರಾಜ ಮೂರನೇ ಜಾರ್ಜ್ ತನ್ನ ಅರಮನೆಗೆ ಗುಂಡುತುದಿಯನ್ನೇ ಹಾಕಿಸಿದ. ಅದರಲ್ಲಿ ವಿಜ್ಞಾನಕ್ಕಿಂತ ರಾಜಕೀಯವೇ ಹೆಚ್ಚಿತ್ತೆಂದು ನಮಗನ್ನಿಸುತ್ತದೆ.

ತಮಾಷೆಯೆಂದರೆ, 2000ರಲ್ಲಿ ಚಾರ್ಲ್ಸ್ ಮೂರ್ ತಂಡ ನ್ಯೂ ಮೆಕ್ಸಿಕೋದ ಬೆಟ್ಟದ ಮೇಲಿನ ಏಳು ವರ್ಷಗಳ ಪ್ರಯೋಗದ ಫಲ ಪ್ರಕಟಿಸಿತು. ಚೂಪು ಕಂಬಿಗಳಲ್ಲಿ ಒಂದಕ್ಕೂ ಸಿಡಿಲು ಬಡಿಯಲಿಲ್ಲ. ಅರ್ಧದಿಂದ ಒಂದು ಅಂಗುಲ ದಪ್ಪದ ಮೊಂಡು ಕಂಬಿಗಳಲ್ಲಿ 12ಕ್ಕೆ ಬಡಿಯಿತು. ಮೊನೆಯ ಕ್ಷೇತ್ರ ತೀವ್ರವಾದರೂ ಸ್ವಲ್ಪ ದೂರದಲ್ಲೇ ಕುಗ್ಗಿಹೋಗುತ್ತದೆ. ಮೊಂಡುತುದಿಯ ಕ್ಷೇತ್ರ ಹೆಚ್ಚು ದೂರ ಚಾಚಿ ಸಿಡಿಲನ್ನು ಎದುರುಗೊಳ್ಳುತ್ತದೆ. ಸಿಡಿಲು ಕಟ್ಟಡಕ್ಕೆ ಬಡಿಯದೆ ಕಂಬಿಗೆ ಬಡಿಯುವುದೇ ಬೇಕಾದದ್ದು. ವಿಲ್ಸನ್ ಆರಿಸಿದ ತುದಿ ಸರಿ, ಕೊಟ್ಟ ಕಾರಣ ತಲೆಕೆಳಗು.

ಹಾಗೆಂದು ಇರುವ ಕಂಬಿಯನ್ನು ಕೀಳಬೇಕಾಗಿಲ್ಲ. ಅದರಿಂದ ನೆಲಕ್ಕಿಳಿಯುವ ತಂತಿ ಎಲ್ಲಾದರೂ ತುಂಡಾಗಿದೆಯೇ ಎಂದು ಮುಂದಿನ ಗುಡುಗು ಮಳೆಗೆ ಮೊದಲು ತಿಳಿದವರಿಂದ ನೋಡಿಸೋಣ.