ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ವಿದುಷಿಯರು

ಬೆಂಗಳೂರಿಗರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತ ಬಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಜ್ಞಾನವು ಪುರುಷರ ಸ್ವತ್ತೆಂಬ ಭಾವನೆ ದೃಢವಾಗಿದ್ದ ಕಾಲದಲ್ಲಿ ಸಂಶೋಧನೆ ಕೈಕೊಂಡ ಮಹಿಳೆಯರ ಪೈಕಿ ಕಮಲಾ ಸೊಹೊನಿ, ಅನ್ನಾ ಮಣಿ, ರಾಜೇಶ್ವರಿ ಚಟರ್ಜಿ ಪ್ರಮುಖರು. ಇವರಿಗೊದಗಿದ ಮೊದಲ ತಡೆ ಮುಚ್ಚುಮರೆಯಿಲ್ಲದ್ದು. ತರುವಾಯದವು ನಿಯಮದ ಉಡುಗೆ ತೊಟ್ಟು ಬಂದವು.

ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವೀಧರೆಯಾದ ಕಮಲಾ, ತಮ್ಮ ತಂದೆ ಕಲಿತಿದ್ದ ಈ ಸಂಸ್ಥೆಗೇ 1933ರಲ್ಲಿ ಅರ್ಜಿ ಸಲ್ಲಿಸಲು, ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೇ ಪ್ರವೇಶವನ್ನು ನಿರಾಕರಿಸಿದರು. ಆಕೆ ಹಿಂಜರಿಯದೆ ಪಟ್ಟುಹಿಡಿದಾಗ, ಮೊದಲ ವರ್ಷ ಕ್ರಮಬದ್ಧ ವಿದ್ಯಾರ್ಥಿನಿಯೆಂದು ಎಣಿಸತಕ್ಕದ್ದಲ್ಲ, ಆಕೆಯ ಇರವಿನಿಂದ ಪುರುಷ ವಿದ್ಯಾರ್ಥಿಗಳ ಚಿತ್ತ ಚಂಚಲವಾಗಕೂಡದು ಎಂಬ ಷರತ್ತುಗಳೊಡನೆ ಅನುಮತಿ ದೊರೆಯಿತು. ಎಂ. ಶ್ರೀನಿವಾಸಯ್ಯನವರ ಕಠಿಣ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನನ್ನು ಕುರಿತು ದುಡಿದು ಎಂ.ಎಸ್‌ಸಿ. ಪಡೆದ ಅವರು 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟನ್ನೂ ಗಳಿಸಿದರು. ಆ ಷರತ್ತುಗಳ ಅವಮಾನವನ್ನು ಮಾತ್ರ ಅವರು ಕಡೆಯವರೆಗೂ ಮರೆಯಲಿಲ್ಲ; ಮರೆಯಬೇಕಾದ ಕಾರಣವೂ ಇರಲಿಲ್ಲ.

1940ರಲ್ಲಿ ರಾಮನ್ನರ ಪ್ರಯೋಗಶಾಲೆಯನ್ನೇ ಸೇರಿದ ಅನ್ನಾ ಮಣಿ ವಜ್ರ, ಮಾಣಿಕ್ಯಗಳ ವರ್ಣಪಟಲಗಳನ್ನು ಅಭ್ಯಸಿಸಿದರು. ಹರಳನ್ನು ದ್ರವವಾಯುವಿನ ಶೈತ್ಯದಲ್ಲಿಟ್ಟು, ಅದರ ಕ್ಷೀಣಪ್ರಕಾಶ ಛಾಯಾಫಲಕದ ಮೇಲೆ ಮೂಡಲು ಹದಿನೈದಿಪ್ಪತ್ತು ಗಂಟೆ ಕಾಯಬೇಕಾಗಿದ್ದುದರಿಂದ ಎಷ್ಟೋ ರಾತ್ರಿ ಅವರು ಅಲ್ಲಿಯೇ ಮಲಗುತ್ತಿದ್ದರು. ಐದು ಪ್ರಬಂಧಗಳು ಪ್ರಕಟವಾಗಿದ್ದಾಗ್ಯೂ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ನೆವದಿಂದ ಮದರಾಸು ವಿಶ್ವವಿದ್ಯಾನಿಲಯ 1945ರಲ್ಲಿ ಅವರಿಗೆ ಡಾಕ್ಟರೇಟನ್ನು ಕೊಡಲೊಪ್ಪಲಿಲ್ಲ. ಆನರ್ಸ್ ಪದವಿಯೂ ಸಂಶೋಧನ ವೇತನವೂ ಲೆಕ್ಕಕ್ಕೆ ಬಾರದೆ ಹೋದವು. ಮುಂದೆ ಭಾರತದ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾದ ಈ ವಿದುಷಿ, ಹೆಣ್ಣಾದುದು ತಮಗೆ ವಿಶೇಷ ಅಡ್ಡಿಯಾಗಲಿಲ್ಲವೆಂದೇ ಹೇಳುತ್ತಿದ್ದರು. ಆದರೂ ಹೆಂಗಸರ ಸಣ್ಣ ತಪ್ಪನ್ನೂ ಅಸಾಮರ್ಥ್ಯದ ಕುರುಹೆಂದು ಎತ್ತಿ ಆಡುತ್ತಿದ್ದರೆಂಬುದೂ ಅವರದೇ ಮಾತಾದ ಕಾರಣ, ಮೊದಲಿನ ಹೇಳಿಕೆಯನ್ನು ಯಥಾವತ್ತಾಗಿ ಸ್ವೀಕರಿಸುವುದು ಕಷ್ಟ.

ಸೆಂಟ್ರಲ್ ಕಾಲೇಜಿನ ಗಣಿತ ಎಂ.ಎಸ್‌ಸಿ. ಪದವೀಧರೆ ರಾಜೇಶ್ವರಿಯವರನ್ನು, ಭೌತವಿಜ್ಞಾನದ ಪದವಿಯಿಲ್ಲವೆಂದು ರಾಮನ್ ಒಪ್ಪಿಕೊಳ್ಳಲಿಲ್ಲ. 1943ರಲ್ಲಿ ವಿದ್ಯುತ್ ತಂತ್ರ ವಿಭಾಗವನ್ನು ಸೇರಿದ ಅವರು, ಏಷ್ಯದ ಸ್ತ್ರೀಯರಿಗೆಂದೇ ಮಿಷಿಗನ್ ವಿಶ್ವವಿದ್ಯಾನಿಲಯ ಮೀಸಲಿಟ್ಟಿದ್ದ, ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಹಿಂದೆಯೇ ಪಡೆದಿದ್ದ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ 1953ರಲ್ಲಿ ಡಾಕ್ಟರೇಟ್ ಪಡೆದು, ಇದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಹಾಗೂ ಆಂಟೆನಾ ಸಂಶೋಧನೆಗೆ ಇಲ್ಲಿ ತಳಹದಿ ಹಾಕಿ, ವಿಭಾಗದ ಮುಖ್ಯಸ್ಥೆಯೂ ಆಗಿ, 1982ರಲ್ಲಿ ನಿವೃತ್ತರಾದ ಮೇಲೆ ಸ್ತ್ರೀ ಅಧ್ಯಯನಗಳ ಭಾರತೀಯ ಸಂಘದ ಕಾರ್ಯದಲ್ಲಿ ತೊಡಗಿದರು.