‘ಕನೂಡಲ್’ ಪದದ ಜಾತಕ

ಮನುಷ್ಯರ ಜಾತಕಕ್ಕಿಂತ ಮಾತುಗಳ ಜಾತಕ ನೋಡುವುದರಲ್ಲಿ ನನಗೆ ಹೆಚ್ಚು ಆಸಕ್ತಿ. ಇಂಗ್ಲಿಷಿನಲ್ಲಿ ‘ಕನೂಡಲ್’ ಎಂಬ ತುಂಟ ಕ್ರಿಯಾಪದವೊಂದಿದೆ. ಪ್ರಣಯಿಗಳಿಬ್ಬರು ಒತ್ತಿಕೊಂಡು ಕುಳಿತು, ಅಪ್ಪಿ, ಮುದ್ದಾಡಿ, ಪಿಸುಮಾತಾಡುವುದೆಲ್ಲ ಅದರ ಅರ್ಥದೊಳಗೆ ಸೇರುತ್ತದೆ. ನಮ್ಮ ‘ಆಲಿಂಗನ’ಕ್ಕಿರುವ ಕಾವ್ಯದ ಗಾಂಭೀರ್ಯ ಇದಕ್ಕಿಲ್ಲ, ‘ಸರಸ’, ‘ಚಕ್ಕಂದ’ಗಳ ಪಂಕ್ತಿಯಲ್ಲಿ ಕೂರಬಹುದಾದ ಮಾತು. ಆಡುವವರ ತುಟಿಯಂಚಿನಲ್ಲಿ ಒಂದು ಕಿರುನಗೆ ಇದ್ದೇ ಇರುತ್ತದೆ.

ಇದರ ಮೂಲದ ಬಗ್ಗೆ ಸೊಗಸಾದ ಕಥೆಯೊಂದು ಪ್ರಚಾರದಲ್ಲಿದೆ. ‘ಕೆನೂ’ ಎಂದರೆ ಇಬ್ಬರು ಮೂವರು ಕೂರಬಹುದಾದ ಕಿರುದೋಣಿ. ಹಿರಿಯರ ಕಾವಲು ತಪ್ಪಿಸಿಕೊಂಡ ಪ್ರೇಮಿಗಳು ನದಿಯ ನಡುವೆ ಕೆನೂವಿನಲ್ಲಿ ಸರಸವಾಡುತ್ತಿದ್ದರಂತೆ. ಅದರಿಂದಲೇ ‘ಕನೂಡಲ್’ ಹುಟ್ಟಿತಂತೆ. ಇಂಥ ಪ್ರೇಮಿಗಳು ಇದ್ದದ್ದೇನೋ ನಿಜ. ಅಮೆರಿಕದ ಬಾಸ್ಟನ್ ಬಳಿ, ಚಾರ್ಲ್ಸ್ ನದಿಯ ದಡದಲ್ಲಿ, 1897ರಲ್ಲಿ ನೊರಂಬೇಗಾ ಪಾರ್ಕ್ ಎಂಬ ವಿಹಾರಸ್ಥಳ ತೆರೆಯಿತು. ಕೆನೂ ವಿಹಾರಕ್ಕೆ ಅದು ಹೆಸರಾಯಿತು; ಜೋಡಿಗಳು ಅಲ್ಲಿ ದೋಣಿಯೇರುತ್ತಿದ್ದರು.

ಆದರೆ ಇತಿಹಾಸ ಮೊದಲು ಕೇಳುವುದು ಇಸವಿಯನ್ನು. ಲಂಡನ್ ನಗರದ ಹಗಲಿರುಳುಗಳನ್ನು ಗಂಟೆ ಗಂಟೆಗೂ ಚಿತ್ರಿಸುವ ‘ಟ್ವೈಸ್ ರೌಂಡ್ ದಿ ಕ್ಲಾಕ್’ ಎಂಬ ಪುಸ್ತಕವನ್ನು ಪತ್ರಕರ್ತ ಜಾರ್ಜ್ ಅಗಸ್ಟಸ್ ಸಾಲಾ 1859ರಲ್ಲಿ ಪ್ರಕಟಿಸಿದ. ಮೊದಲ ಸ್ವರ ತುಸು ಬೇರೆಯಾಗಿ ಈ ಮಾತು ಅದರಲ್ಲಿ ಆಗಲೇ ಇದೆ. ಇಂಗ್ಲೆಂಡಿನಲ್ಲಿ ಕೆನೂ ವಿಹಾರದ ಹವ್ಯಾಸವನ್ನು ಹರಡಿದ ಜಾನ್ ಮ್ಯಾಕ್‌ಗ್ರೆಗರನ ಪ್ರವಾಸಕಥನ ಬಂದದ್ದು 1866ರಲ್ಲಿ. ನೊರಂಬೇಗಾ ಪಾರ್ಕಿಗಿಂತಲಂತೂ ಮಾತು 38 ವರ್ಷ ಹಿರಿದು. ಮಗು ತಾಯಿಗಿಂತ ಹಿರಿದಾಗಲುಂಟೇ?

ಸಾಲಾ ಇದನ್ನು ಅಮೆರಿಕನ್ನರ ಮಾತೆಂದು ಹೇಳಿ ಕೈತೊಳೆದುಕೊಂಡಿದ್ದಾನೆ. ಶೃಂಗಾರವನ್ನು ಪರದೇಶದವರ ತಲೆಗೆ ಕಟ್ಟುವುದು ಇಂಗ್ಲಿಷಿನ ಜಾಯಮಾನ. ಮುಂದೆ ಗಾಢ ಚುಂಬನವನ್ನು ಫ್ರೆಂಚರ ಹೆಸರಿಗೆ ಬರೆದದ್ದೂ ಅದೇ ಭಾಷೆ.

ಇನ್ನೊಂದು ಊಹೆಯುಂಟು. 18ನೆಯ ಶತಮಾನದ ಇಂಗ್ಲಿಷಿನಲ್ಲಿ ಪೆದ್ದನನ್ನು ‘ನೂಡಲ್’ ಎನ್ನುವ ವಾಡಿಕೆಯಿತ್ತು. ಪ್ರೇಮದಲ್ಲಿ ಪೆದ್ದಾದವರ ಆಟವೇ ‘ಕನೂಡಲ್’ ಎಂದು ಕೆಲವರು ಗಂಟು ಹಾಕುತ್ತಾರೆ. ಅರ್ಥವೇನೋ ಹೊಂದುತ್ತದೆ. ಆದರೆ ಮೊದಲಿನ ‘ಕ’ಕಾರ ಎಲ್ಲಿಂದ ಬಂತು? ಅದಕ್ಕೆ ಸಮಾಧಾನವಿಲ್ಲ.

ಆದ್ದರಿಂದಲೇ ಒಳ್ಳೆಯ ನಿಘಂಟುಗಳು ಇದರ ಮೂಲ ಖಚಿತವಿಲ್ಲವೆಂದು ಬರೆದು ಸುಮ್ಮನಾಗುತ್ತವೆ. ಚೆಂದದ ಕಥೆಯೊಂದು ಕೈಗೆಟಕುವಂತಿರುವಾಗ ಅದನ್ನು ಬಿಟ್ಟುಕೊಡುವುದು ಸುಲಭವಲ್ಲ. ಒಬ್ಬರು ಬರೆದರೆ ನೂರು ಜನ ನಂಬುತ್ತಾರೆ. ನಿಜವಾಗಿ ಆ ಮಾತನ್ನು ಮೊದಲು ಆಡಿದವರನ್ನು ಹುಡುಕುವ ಬಾಗಿಲೂ ಅಲ್ಲಿಗೆ ಮುಚ್ಚುತ್ತದೆ. ಅವರು ಪಂಡಿತರಾಗಿರಲಾರರು. ಯಾವುದೋ ಬೀದಿಯಲ್ಲಿ, ಯಾವುದೋ ಸಂಜೆ, ಗೆಳೆಯರನ್ನು ಹಾಸ್ಯ ಮಾಡಲು ಆಡಿದ ಮಾತಿರಬೇಕು. ಪ್ರೇಮಿಗಳು ದಫ್ತರ ಇಡುವುದಿಲ್ಲ. ಅವರನ್ನು ಕಂಡು ನಕ್ಕವರೂ ಇಡಲಿಲ್ಲ. ನಿಘಂಟಿನ ಆ ಖಾಲಿ ಜಾಗವನ್ನು ನಾನು ಅವರ ಪಾಲಿಗೆ ಬಿಡುತ್ತೇನೆ.