ಸ್ಲೈಟ್ಲಿ

ಗುಣ, ಕ್ರಿಯೆ ಅಥವಾ ವ್ಯತ್ಯಾಸದ ಅಲ್ಪ ಪರಿಮಾಣವನ್ನು ಸೂಚಿಸುವ ಇಂಗ್ಲಿಷ್ ಕ್ರಿಯಾವಿಶೇಷಣ. ನುಣುಪಾದ, ಸಮತಲವಾದ ಎಂಬರ್ಥದ ಪ್ರಾಚೀನ ನಾರ್ಸ್ ಶಬ್ದದಿಂದ ಉದ್ಭವಿಸಿದ 'ಸ್ಲೈಟ್' ಎಂಬ ವಿಶೇಷಣವು ಕಾಲಕ್ರಮದಲ್ಲಿ ಕೃಶವಾದುದು, ಗಣನೆಗೆ ಬಾರದುದು ಎಂಬ ಅರ್ಥಗಳನ್ನು ತಾಳಿತು. ಇದರ ಸೋದರಶಬ್ದವಾದ ಜರ್ಮನಿನ 'ಶ್ಲೆಖ್ಟ್' ಸರಳವೆಂಬಲ್ಲಿಂದ ಹೊರಟು ಕೆಟ್ಟದ್ದೆಂಬಲ್ಲಿಗೆ ಬಂದು ನಿಂತಿರುವುದು ಅರ್ಥಪರಿವರ್ತನೆಯ ವಿಸ್ಮಯಕರವಾದ ನಿದರ್ಶನ.

ಕ್ವರ್ಕ್, ಗ್ರೀನ್‌ಬಾಮ್, ಲೀಚ್, ಸ್ವಾರ್ಟ್‌ವಿಕ್ ಇವರ 1985ರ ಬೃಹದ್ವ್ಯಾಕರಣವು ಇದನ್ನು ಅರ್ಥದ ತೀವ್ರತೆಯನ್ನು ತಗ್ಗಿಸುವ ಪದಗಳ ವರ್ಗಕ್ಕೆ ಸೇರಿಸುತ್ತದೆ. 'ಹಾರ್ಡ್ಲಿ', 'ಸ್ಕೇರ್ಸ್‌ಲಿ' ಎಂಬ ಪದಗಳು ನಿಷೇಧದ ಅಂಚನ್ನು ಮುಟ್ಟುತ್ತವೆ. ಇದಾದರೋ ಗುಣದ ಅಸ್ತಿತ್ವವನ್ನು ಒಪ್ಪಿಕೊಂಡೇ ಅದನ್ನು ಮಿತಗೊಳಿಸುತ್ತದೆ. 'ಸ್ಲೈಟ್ಲಿ ವೆಟ್' ಆದ ಬಟ್ಟೆ ನಿಶ್ಚಯವಾಗಿಯೂ ಒದ್ದೆಯಾದದ್ದೇ.

ಈ ಪದದ ನಿಜವಾದ ಸೂಕ್ಷ್ಮತೆಯಿರುವುದು ಅದು ತನ್ನ ಸಂಗಾತಿಯನ್ನು ಆರಿಸಿಕೊಳ್ಳುವ ರೀತಿಯಲ್ಲಿ. ಲೇಶಮಾತ್ರ ಬಾಗಿದರೂ ಕೋಲು ಬಾಗಿದ್ದೇ ಆಗುವುದರಿಂದ 'ಸ್ಲೈಟ್ಲಿ ಬೆಂಟ್' ಎಂಬುದು ಸಾಧು. ಋಜುತ್ವವೆಂಬುದು ಪೂರ್ಣತೆಯನ್ನೇ ಅಪೇಕ್ಷಿಸುವುದರಿಂದ 'ಸ್ಲೈಟ್ಲಿ ಸ್ಟ್ರೇಟ್' ಎಂಬುದು ಕಿವಿಗೆ ಒಗ್ಗದು. ಎತ್ತರಕ್ಕೆ ನಿಯತವಾದ ಆರಂಭಬಿಂದುವಿಲ್ಲದ ಕಾರಣ 'ಸ್ಲೈಟ್ಲಿ ಟಾಲ್' ಎಂದರೆ ಉದ್ದೇಶಕ್ಕೆ ತುಸು ಹೆಚ್ಚಾಯಿತೆಂಬ ಧ್ವನಿ ಹೊರಡುತ್ತದೆ. ಆದರೆ ಹೋಲಿಕೆಯು ತಾನೇ ಒಂದು ಬಿಂದುವನ್ನು ಒದಗಿಸುವುದರಿಂದ 'ಸ್ಲೈಟ್ಲಿ ಟಾಲರ್' ಸಹಜವಾಗಿಯೇ ಸಲ್ಲುತ್ತದೆ. 'ವೆರಿ' ಎಂಬ ಪದಕ್ಕೆ 'ಟಾಲರ್' ಎಂಬುದರ ಹಿಂದೆ ನಿಲ್ಲುವ ಈ ಅಧಿಕಾರವಿಲ್ಲ.

ಶಿಷ್ಟಸಂಭಾಷಣೆಯಲ್ಲಿ, ವಿಶೇಷವಾಗಿ ಬ್ರಿಟನ್ನಿನಲ್ಲಿ, ಆಕ್ಷೇಪವನ್ನು ಮೃದುಗೊಳಿಸಲೂ ಇದು ಬಳಕೆಯಾಗುವುದುಂಟು. ಅಂತಹ ಸಂದರ್ಭದಲ್ಲಿ ಅಳೆಯಬೇಕಾದದ್ದು ವಾಚ್ಯಾರ್ಥವನ್ನಲ್ಲ, ಆಡಿದವನ ಸೌಜನ್ಯವನ್ನು. ಸಂಪೂರ್ಣ ನಿಷೇಧಕ್ಕೆ 'ನಾಟ್ ಇನ್ ದ ಸ್ಲೈಟೆಸ್ಟ್' ಎಂಬ ಪ್ರತ್ಯೇಕ ಪದಗುಚ್ಛವೇ ರೂಢಿಯಲ್ಲಿದೆ.